ಸಹಾಯ ಬೇಕು: ಕತ್ತು ಬಿಗಿದು ಬರುವ ತಲೆನೋವಿಗೆ ನೀವು ಏನು ಮಾಡ್ತೀರಿ?

ಎಲ್ಲರಿಗೂ ನಮಸ್ಕಾರ. ಮೂರು ತಿಂಗಳಿಂದ ವಾರಕ್ಕೆ ಮೂರ್ನಾಲ್ಕು ದಿನ ತಲೆನೋವು. ಬೆಳಿಗ್ಗೆ ಏನೂ ಇರಲ್ಲ. ಕಂಪ್ಯೂಟರ್ ಮುಂದೆ ಕೂತು ನಾಲ್ಕು ಗಂಟೆ ಆಗುವಷ್ಟರಲ್ಲಿ ಹೆಗಲು ಕಲ್ಲಿನಂತಾಗಿ, ನೋವು ಹಿಂದಲೆಯಿಂದ ಹತ್ತಿ, ಹಣೆಗೆ ಪಟ್ಟಿ ಬಿಗಿದ ಹಾಗೆ ಎರಡೂ ಕಡೆ ಒತ್ತುತ್ತೆ. ವಾಂತಿ ಇಲ್ಲ, ಬೆಳಕಿನಿಂದ ತೊಂದರೆಯೂ ಇಲ್ಲ. ಡಾಕ್ಟರ್ ನೋಡಿ, ಮೈಗ್ರೇನ್ ಅಲ್ಲ, ಸ್ನಾಯು ಬಿಗಿತದ್ದೇ ಅಂದರು. ತಿಂಗಳಲ್ಲಿ 15 ದಿನ ಅಥವಾ ಅದಕ್ಕಿಂತ ಹೆಚ್ಚು ಪ್ಯಾರಾಸಿಟಮಾಲ್ ನುಂಗುತ್ತಾ ಹೋದರೆ ಮಾತ್ರೆಯಿಂದಲೇ ತಲೆನೋವು ಶುರುವಾಗಬಹುದು ಅಂತಲೂ ಎಚ್ಚರಿಸಿದರು. ಕೇಳಿ ಹೆದರಿಬಿಟ್ಟೆ, ನಾನು ಆ ಗಡಿಯ ಹತ್ತಿರವೇ ಇದ್ದೆ.

ಈಗ ಕತ್ತಿಗೆ ಬಿಸಿನೀರಿನ ಚೀಲ ಇಡುತ್ತೇನೆ, ತಲೆಬುರುಡೆ ಕತ್ತಿಗೆ ಸೇರುವ ಕಡೆ ಹೆಬ್ಬೆರಳಿಂದ ಮೆಲ್ಲಗೆ ಒತ್ತುತ್ತೇನೆ. ಶಾಖ ಕೊಟ್ಟಾಗ ಹಾಯೆನಿಸುತ್ತೆ, ಗಂಟೆಯೊಳಗೆ ಮತ್ತೆ ಅದೇ. ಸ್ಕ್ರೀನನ್ನು ಕಣ್ಣಿನ ಮಟ್ಟಕ್ಕೆ ಏರಿಸಿದ್ದೂ ಆಯಿತು. ಇನ್ನೊಂದು ಈಚೆಗಷ್ಟೇ ಗಮನಕ್ಕೆ ಬಂತು: ಕೆಲಸದ ಒತ್ತಡದಲ್ಲಿ ಗೊತ್ತಿಲ್ಲದೆಯೇ ಹಲ್ಲು ಕಚ್ಚಿಕೊಂಡಿರುತ್ತೇನೆ.

ಇದೇ ತರ ಅನುಭವಿಸಿದವರು ಹೇಳಿ, ಫಿಸಿಯೋಥೆರಪಿಯಿಂದ ಎಷ್ಟು ವಾರಕ್ಕೆ ಗುಣ ಕಂಡಿತು? ದವಡೆ ಸಡಿಲ ಬಿಡುವ ಅಭ್ಯಾಸ ಹೇಗೆ ಮಾಡಿಕೊಂಡಿರಿ? ಕೂತಲ್ಲೇ ಮಾಡಬಹುದಾದ ಕತ್ತಿನ ವ್ಯಾಯಾಮ ಗೊತ್ತಿದ್ದರೆ ದಯವಿಟ್ಟು ಬಿಡಿಸಿ ಬರೆಯಿರಿ.