ಡೆಸ್ಕ್‌ಟಾಪ್ ಬಿಟ್ಟು ಲ್ಯಾಪ್‌ಟಾಪಿಗೆ: ಕರಡು ತಿದ್ದುವ ಮೇಜಿಗೆ ಯಾವುದು ಒಗ್ಗುತ್ತದೆ?

ಪ್ರಶ್ನೆ, ಸಾಗರದಿಂದ

ನಾನು ಮನೆಯಲ್ಲೇ ಕುಳಿತು ಕನ್ನಡ ಪುಸ್ತಕಗಳ ಅಕ್ಷರಜೋಡಣೆ, ಪುಟವಿನ್ಯಾಸ ಮತ್ತು ಕರಡು ತಿದ್ದುವ ಕೆಲಸ ಮಾಡುತ್ತೇನೆ. 2013ರಲ್ಲಿ ಕೊಂಡ ಡೆಸ್ಕ್‌ಟಾಪ್ ಇನ್ನೂ ನಡೆಯುತ್ತಿದೆಯಾದರೂ ಅದು ವಿಂಡೋಸ್ 11ಕ್ಕೆ ಅರ್ಹವಲ್ಲ, ವಿಂಡೋಸ್ 10ರ ಸಾಮಾನ್ಯ ಬೆಂಬಲವೋ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಮಳೆಗಾಲದಲ್ಲಿ ನಮ್ಮ ಕಡೆ ವಿದ್ಯುತ್ ಹೋದರೆ ಯಾವಾಗ ಬರುತ್ತದೆಂದು ಹೇಳಲಾಗದು. ಯುಪಿಎಸ್ ಹತ್ತು ನಿಮಿಷಕ್ಕೆಲ್ಲ ಕೂಗಲು ತೊಡಗುತ್ತದೆ. ತಿಂಗಳಿಗೆ ಒಂದೆರಡು ಬಾರಿ ಬೆಂಗಳೂರಿನ ಮುದ್ರಣಾಲಯಕ್ಕೂ ಹೋಗಬೇಕಾಗುತ್ತದೆ. ಡೆಸ್ಕ್‌ಟಾಪನ್ನು ಪೂರ್ತಿಯಾಗಿ ಬಿಟ್ಟು ಲ್ಯಾಪ್‌ಟಾಪಿನಲ್ಲೇ ದಿನಕ್ಕೆ ಎಂಟು ಗಂಟೆ ಕೆಲಸ ಮಾಡಬಹುದೇ? 75,000 ರೂಪಾಯಿ ಎತ್ತಿಟ್ಟಿದ್ದೇನೆ. ನುಡಿ ಎಂಬ ಕನ್ನಡ ತಂತ್ರಾಂಶದ ಅಕ್ಷರಗಳಲ್ಲಿ ಮಾಡಿದ, ಪೇಜ್‌ಮೇಕರ್ ಎಂಬ ಹಳೆಯ ಪುಟವಿನ್ಯಾಸ ತಂತ್ರಾಂಶದ ಕಡತಗಳು, ಯುಎಸ್‌ಬಿಗೆ ಸಿಕ್ಕಿಸುವ ಹಾರ್ಡ್‌ವೇರ್ ಲಾಕ್ (ಅದಿಲ್ಲದೆ ತಂತ್ರಾಂಶ ತೆರೆಯದು) ಇರುವ ಒಂದು ಅಕ್ಷರ ತಂತ್ರಾಂಶ ಮತ್ತು ಹಳೆಯ ಲೇಸರ್ ಪ್ರಿಂಟರ್ ನನ್ನಲ್ಲಿವೆ. ಅಮೆರಿಕದಲ್ಲಿರುವ ಚಿಕ್ಕಪ್ಪನ ಮಗ ಅಲ್ಲಿಂದಲೇ ಒಂದನ್ನು ತಂದುಕೊಡುತ್ತೇನೆ ಎನ್ನುತ್ತಿದ್ದಾನೆ. ಅನುಭವವಿದ್ದವರು ತಿಳಿಸಬೇಕೆಂದು ಕೋರುತ್ತೇನೆ.

ಮೈಸೂರಿನಿಂದ, ಪುಟವಿನ್ಯಾಸಕಿ

ನಾನು 2023ರಲ್ಲಿ ಇದೇ ಬದಲಾವಣೆ ಮಾಡಿಕೊಂಡೆ. ಲ್ಯಾಪ್‌ಟಾಪ್ ಒಂದೇ ಡೆಸ್ಕ್‌ಟಾಪಿನ ಜಾಗವನ್ನು ತುಂಬುವುದಿಲ್ಲ. ಬೇರೆ ಮಾನಿಟರ್, ಬೇರೆ ಕೀಲಿಮಣೆ, ಎತ್ತರಿಸುವ ಸ್ಟ್ಯಾಂಡ್ ಎಲ್ಲ ಜೊತೆಗೂಡಿದಾಗ ಚೆನ್ನಾಗಿಯೇ ತುಂಬುತ್ತದೆ. ಆದ್ದರಿಂದ ಇಡೀ ಹಣವನ್ನು ಯಂತ್ರಕ್ಕೇ ಸುರಿಯಬೇಡಿ. ಕಾಲು ಭಾಗವನ್ನಾದರೂ ಮೇಜಿನ ಮೇಲಿನ ಉಳಿದ ವಸ್ತುಗಳಿಗೆ ಎತ್ತಿಡಿ.

ನಮ್ಮ ಕೆಲಸದ ಅಳತೆಯಿಂದಲೇ ಇದನ್ನು ನೋಡಬಹುದು. ಡೆಮಿ 1/8 ಪುಸ್ತಕದ ಪುಟ ಎಂಟೂವರೆ ಇಂಚು ಎತ್ತರವಿರುತ್ತದೆ. 15.6 ಇಂಚಿನ ಲ್ಯಾಪ್‌ಟಾಪ್ ಪರದೆಯ ಎತ್ತರ ಏಳೂವರೆ ಇಂಚಿಗಿಂತ ತುಸು ಹೆಚ್ಚು, ಅಷ್ಟೇ. ಅದರಲ್ಲೂ ಮೇಲಿನ ಮೆನು ಮತ್ತು ಕೆಳಗಿನ ಪಟ್ಟಿಗೆ ಜಾಗ ಹೋಗುವುದರಿಂದ ಒಂದೇ ಒಂದು ಪುಟವನ್ನು ಕೂಡ ಅಚ್ಚಾಗುವ ಗಾತ್ರದಲ್ಲಿ ಇಡಿಯಾಗಿ ನೋಡಲು ಸಾಧ್ಯವಾಗುವುದಿಲ್ಲ. 24 ಇಂಚಿನ ಮಾನಿಟರಿನ ಎತ್ತರ ಹನ್ನೆರಡು ಇಂಚಿಗೆ ಹತ್ತಿರ. ಅಲ್ಲಿ ಎಡಬಲದ ಎರಡು ಪುಟಗಳು ನಿಜವಾದ ಗಾತ್ರದಲ್ಲೇ ಅಕ್ಕಪಕ್ಕ ನಿಲ್ಲುತ್ತವೆ. ಅಂಚಿನ ಜಾಗ ಸರಿಯಾಗಿದೆಯೇ, ಕೊನೆಯ ಸಾಲು ಒಂಟಿಯಾಗಿ ಮುಂದಿನ ಪುಟಕ್ಕೆ ಹೋಗಿದೆಯೇ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ.

ಆದರೆ ಕರಡು ತಿದ್ದುವಾಗ ಲೆಕ್ಕ ಬೇರೆಯಾಗುತ್ತದೆ. 1920×1080 ಚುಕ್ಕೆಗಳ 24 ಇಂಚಿನ ಮಾನಿಟರಿನಲ್ಲಿ ಇಂಚಿಗೆ ಸುಮಾರು 92 ಚುಕ್ಕೆಗಳಿದ್ದರೆ, ಅಷ್ಟೇ ಚುಕ್ಕೆಗಳ 15.6 ಇಂಚಿನ ಪರದೆಯಲ್ಲಿ ಇಂಚಿಗೆ ಸುಮಾರು 141 ಇರುತ್ತವೆ. ಇಂಗ್ಲಿಷ್ ಓದುವವರಿಗೆ ಇದು ದೊಡ್ಡ ಮಾತಾಗಲಾರದು, ನಮಗೆ ಒತ್ತಕ್ಷರಗಳಿವೆ. 'ಗೆದ್ದ' ಮತ್ತು 'ಸಿದ್ಧ' ಎಂಬ ಎರಡು ಪದಗಳನ್ನು 11 ಪಾಯಿಂಟಿನಲ್ಲಿ ಅಕ್ಕಪಕ್ಕ ಇಟ್ಟು ನೋಡಿ. ಶಾಲೆಯಲ್ಲಿ 'ಹೊಟ್ಟೆ ಸೀಳು' ಎಂದು ಹೇಳಿಕೊಡುತ್ತಿದ್ದ ಆ ಚಿಕ್ಕ ಗೆರೆ ಒತ್ತಿನಲ್ಲಿ ಇನ್ನೂ ಚಿಕ್ಕದಾಗಿ, 92 ಚುಕ್ಕೆಯ ಪರದೆಯಲ್ಲಿ ಬರಿಯ ಮಸುಕು ಮಚ್ಚೆಯಾಗಿ ಕಾಣುತ್ತದೆ. 'ಪ್ರಸಿದ್ದ' ಎಂಬ ತಪ್ಪು ನನ್ನ ಕಣ್ಣನ್ನು ಹೀಗೆಯೇ ದಾಟಿಕೊಂಡು ಒಂದು ಪುಸ್ತಕದ ಮುನ್ನುಡಿಯಲ್ಲಿ ಅಚ್ಚಾಗಿ ಬಂದಿತು, ಅದರ ನೋವು ನನಗೆ ಈಗಲೂ ಇದೆ. ಅಂದಿನಿಂದ ಪುಟ ಕಟ್ಟುವುದನ್ನು ಮಾನಿಟರಿನಲ್ಲಿಯೂ ಅಕ್ಷರ ಅಕ್ಷರವಾಗಿ ಓದುವುದನ್ನು ಲ್ಯಾಪ್‌ಟಾಪಿನ ಪರದೆಯಲ್ಲಿ 150 ಪ್ರತಿಶತಕ್ಕೆ ಹಿಗ್ಗಿಸಿಕೊಂಡೂ ಮಾಡುತ್ತೇನೆ. ಹಣ ಹೊಂದುವುದಾದರೆ 27 ಇಂಚಿನ 3840×2160 ಮಾನಿಟರ್ ಎರಡೂ ಕೆಲಸಕ್ಕೆ ಒದಗುತ್ತದೆ, ಅದರಲ್ಲಿ ಇಂಚಿಗೆ ಸುಮಾರು 163 ಚುಕ್ಕೆಗಳಿವೆ. ಆದರೆ ಲ್ಯಾಪ್‌ಟಾಪಿನಲ್ಲಿರುವುದು ಮಾನಿಟರಿಗೆ ಚಿತ್ರ ಕಳಿಸುವ ಎಚ್‌ಡಿಎಂಐ ಕಿಂಡಿಯ 1.4 ಆವೃತ್ತಿಯಾಗಿದ್ದರೆ ಅಷ್ಟು ಚುಕ್ಕೆಗಳನ್ನು ಅದು ಸೆಕೆಂಡಿಗೆ 30 ಬಾರಿ ಮಾತ್ರ ಕಳಿಸುತ್ತದೆ, ಮೌಸಿನ ಬಾಣ ತಡವರಿಸಿದಂತೆ ಕಾಣುತ್ತದೆ. 2.0 ಇದೆಯೇ ಎಂದು ಕೇಳಿಯೇ ಕೊಳ್ಳಿ.

ಕೀಲಿಮಣೆಯ ವಿಷಯದಲ್ಲಿ ಒಂದೇ ಮಾತು: ಬಲಬದಿಯಲ್ಲಿ ಅಂಕಿಗಳ ಪ್ರತ್ಯೇಕ ಕೀಲಿಗಳಿರುವ ಪೂರ್ಣ ಗಾತ್ರದ್ದನ್ನೇ ತೆಗೆದುಕೊಳ್ಳಿ. ಹಳೆಯ ಫಾಂಟುಗಳಲ್ಲಿ ಕೆಲವು ಚಿಹ್ನೆಗಳನ್ನು ಆಲ್ಟ್ ಒತ್ತಿ ಹಿಡಿದು ಸಂಖ್ಯೆ ಕೊಟ್ಟೇ ತರಬೇಕಾಗುತ್ತದೆ. ಮೇಲಿನ ಸಾಲಿನ ಅಂಕಿಗಳಿಂದ ಅದು ಆಗುವುದಿಲ್ಲ.

ಇನ್ನು ಮುಚ್ಚಳದ ಪ್ರಶ್ನೆ. ಲ್ಯಾಪ್‌ಟಾಪನ್ನು ಮುಚ್ಚಿ ಬದಿಗಿಟ್ಟು ಮಾನಿಟರ್ ಒಂದನ್ನೇ ಬಳಸುವವರು ಬಹಳ ಮಂದಿ ಇದ್ದಾರೆ. ವಿದ್ಯುತ್ ಹೋಗಿಬರುವ ಊರಿನಲ್ಲಿ ಅದು ಬೇಡವೆಂಬುದು ನನ್ನ ಖಚಿತ ಅಭಿಪ್ರಾಯ. ಸ್ಟ್ಯಾಂಡಿನ ಮೇಲೆ ತೆರೆದೇ ಇಟ್ಟರೆ ಬಿಸಿಗಾಳಿ ಸಲೀಸಾಗಿ ಹೊರಗೆ ಹೋಗುತ್ತದೆ, ಎರಡನೆಯ ಪರದೆಯೂ ಸಿಗುತ್ತದೆ. ವಿದ್ಯುತ್ ಹೋದಾಗ ಮಾನಿಟರ್ ಕತ್ತಲಾಗುತ್ತದೆ, ಲ್ಯಾಪ್‌ಟಾಪ್ ಬೆಳಗುತ್ತಲೇ ಇರುತ್ತದೆ. ಆದರೆ ಮೊದಲ ಸಲ ಹಾಗಾದಾಗ ನಾನು ಗಾಬರಿಯಾದೆ, ಏಕೆಂದರೆ ತೆರೆದಿದ್ದ ಪುಟ ಲ್ಯಾಪ್‌ಟಾಪಿಗೆ ಬರಲಿಲ್ಲ. ಕೆಲವು ಮಾನಿಟರುಗಳು ಆರಿದ್ದರೂ ಕೇಬಲ್ ಸಿಕ್ಕಿಸಿದ್ದ ಕಾರಣಕ್ಕೆ ಅವು ಇವೆಯೆಂದೇ ಕಂಪ್ಯೂಟರ್ ತಿಳಿಯುತ್ತದೆ, ಪುಟ ಆ ಕತ್ತಲ ಪರದೆಯಲ್ಲೇ ಉಳಿದುಬಿಡುತ್ತದೆ. ವಿಂಡೋಸ್ ಕೀಲಿಯ ಜೊತೆಗೆ ಪಿ ಒತ್ತಿ, ಬರುವ ಪಟ್ಟಿಯಲ್ಲಿ ಮೊದಲನೆಯದನ್ನು ಆರಿಸಿದರೆ ಎಲ್ಲವೂ ಲ್ಯಾಪ್‌ಟಾಪಿನ ಪರದೆಗೆ ಮರಳುತ್ತದೆ.

ಹುಬ್ಬಳ್ಳಿಯಿಂದ, ನಿವೃತ್ತ ಎಲೆಕ್ಟ್ರಿಕಲ್ ಎಂಜಿನಿಯರ್

ಮೇಲಿನ ಮಾತುಗಳಿಗೆ ವಿದ್ಯುತ್ತಿನ ಕಡೆಯಿಂದ ಎರಡು ವಿಷಯಗಳನ್ನು ಸೇರಿಸುತ್ತೇನೆ. ಮೊದಲನೆಯದು ಬ್ಯಾಟರಿ. ಮೇಜಿನ ಮೇಲಿನ ಲ್ಯಾಪ್‌ಟಾಪ್ ಸದಾ ಚಾರ್ಜರಿಗೆ ಅಂಟಿಕೊಂಡೇ ಇರುತ್ತದೆ. ಲಿಥಿಯಂ ಅಯಾನ್ ಬ್ಯಾಟರಿಯನ್ನು ನೂರಕ್ಕೆ ನೂರು ತುಂಬಿ, ಅದರ ಮೇಲೆ ಬಿಸಿಯನ್ನೂ ತಾಗಿಸಿದರೆ ಅದು ಬೇಗ ಸವೆಯುತ್ತದೆ. ನನ್ನ ಮೊದಲ ಲ್ಯಾಪ್‌ಟಾಪನ್ನು ಎರಡು ವರ್ಷ ಹಾಗೆಯೇ ಇಟ್ಟಿದ್ದೆ. ಒಂದು ದಿನ ಟಚ್‌ಪ್ಯಾಡ್ ಒತ್ತಿದರೆ ಒಳಗೆ ಹೋಗದಂತಾಯಿತು. ಮರುವಾರ ಮುಚ್ಚಳ ಹಾಕಿದರೆ ಮುಂಭಾಗದಲ್ಲಿ ಬೆರಳು ತೂರುವಷ್ಟು ಸಂದು ಉಳಿಯುತ್ತಿತ್ತು. ಬಿಚ್ಚಿಸಿ ನೋಡಿದಾಗ ಬ್ಯಾಟರಿ ಉಬ್ಬಿ ದಿಂಬಿನಂತಾಗಿತ್ತು. ಹಾಗಾದರೆ ಕೂಡಲೇ ಬಳಕೆ ನಿಲ್ಲಿಸಬೇಕು, ಅದನ್ನು ಒತ್ತುವುದಾಗಲಿ ಚುಚ್ಚುವುದಾಗಲಿ ಕೂಡದು. ಈಗಿನ ಬಹುತೇಕ ಕಂಪನಿಗಳ ತಂತ್ರಾಂಶದಲ್ಲಿ ಅಥವಾ ಬಯೋಸಿನಲ್ಲಿ (ಯಂತ್ರ ಹೊತ್ತಿಸಿದೊಡನೆ ಮೊದಲು ನಡೆಯುವ ಮೂಲ ತಂತ್ರಾಂಶ) ಚಾರ್ಜಿಂಗನ್ನು 80 ಪ್ರತಿಶತಕ್ಕೆ ನಿಲ್ಲಿಸುವ ಆಯ್ಕೆ ಇರುತ್ತದೆ. ಕೊಂಡ ದಿನವೇ ಅದನ್ನು ಹಾಕಿಡಿ. ಮಳೆಗಾಲದ ನಾಲ್ಕು ತಿಂಗಳು ಬೇಕಾದರೆ ತೆಗೆಯಬಹುದು, ಅಲ್ಲಿ ನಿಮಗೆ ಪ್ರತಿ ನಿಮಿಷವೂ ಮುಖ್ಯವಾಗುತ್ತದೆ.

ಎರಡನೆಯದು ಅರ್ಥಿಂಗ್. ಲೋಹದ ಮೈಯ ಲ್ಯಾಪ್‌ಟಾಪಿನ ಅಂಚನ್ನು ಬರಿಗಾಲಿನಲ್ಲಿ ನಿಂತು ಸವರಿದಾಗ ಬೆರಳಿಗೆ ಜುಮ್ಮೆನ್ನುವುದುಂಟು. ಚಾರ್ಜರಿನೊಳಗಿನ ಕೆಪಾಸಿಟರಿನ ಮೂಲಕ ಹರಿಯುವ ಅತಿ ಸಣ್ಣ ಸೋರಿಕೆ ಅದು. ಮೂರು ಪಿನ್ನಿನ ಪ್ಲಗ್ ಇದ್ದು, ಗೋಡೆಯ ಸಾಕೆಟ್ಟಿನಲ್ಲಿ ಅರ್ಥ್ ತಂತಿ ನಿಜವಾಗಿ ಜೋಡಣೆಯಾಗಿದ್ದರೆ ಅದು ನೆಲಕ್ಕೆ ಹೋಗುತ್ತದೆ. ಹಳೆಯ ಮನೆಗಳಲ್ಲಿ ಆ ಮೂರನೆಯ ತೂತಿಗೆ ಹಿಂದೆ ತಂತಿಯೇ ಇಲ್ಲದ್ದನ್ನು ನಾನು ಎಷ್ಟೋ ಕಡೆ ಕಂಡಿದ್ದೇನೆ. ಲ್ಯಾಪ್‌ಟಾಪ್ ತರುವ ಮೊದಲು ಎಲೆಕ್ಟ್ರಿಷಿಯನ್ನರನ್ನು ಕರೆಸಿ ಪರೀಕ್ಷಿಸಿಕೊಳ್ಳಿ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಮಾನಿಟರ್ ಮತ್ತು ವೈಫೈ ರೌಟರನ್ನು ಅದರ ಸಾಲಿಗೆ ಹಾಕಿಸಿ. 24 ಇಂಚಿನ ಎಲ್‌ಇಡಿ ಮಾನಿಟರ್ ಸುಮಾರು 20ರಿಂದ 25 ವ್ಯಾಟ್ ಎಳೆಯುತ್ತದೆ, ಒಂದು ಫ್ಯಾನಿಗಿಂತ ಅದು ಕಡಿಮೆ.

ನ್ಯೂಜೆರ್ಸಿಯಿಂದ

ತಂದುಕೊಡುವವರ ಕಡೆಯವನಾಗಿ ಬರೆಯುತ್ತಿದ್ದೇನೆ. ನನ್ನ ತಂದೆಗೆ ಇಲ್ಲಿಂದ ಒಂದನ್ನು ಒಯ್ದೆ. ಚಾರ್ಜರ್ 100ರಿಂದ 240 ವೋಲ್ಟ್‌ವರೆಗೆ ನಡೆಯುವುದರಿಂದ ವೋಲ್ಟೇಜಿನ ತೊಂದರೆಯಿಲ್ಲ, ಗೋಡೆಗೆ ಹಾಕುವ ತಂತಿಯನ್ನು ಮಾತ್ರ ಅಲ್ಲಿಯದಕ್ಕೆ ಬದಲಿಸಿದರೆ ಸಾಕು. ತೊಂದರೆ ಬಂದದ್ದು ವಾರಂಟಿಯಲ್ಲಿ. ಏಳನೆಯ ತಿಂಗಳಲ್ಲಿ ಪರದೆ ಕೆಟ್ಟಾಗ, ಆ ಮಾದರಿಗೆ ಭಾರತದಲ್ಲಿ ವಾರಂಟಿ ಅನ್ವಯಿಸುವುದಿಲ್ಲವೆಂದು ಸರ್ವೀಸ್ ಸೆಂಟರಿನವರು ಕೈಚೆಲ್ಲಿದರು. ಜೀವನೋಪಾಯವೇ ಅದರ ಮೇಲೆ ನಿಂತಿರುವಾಗ, ಮನೆಬಾಗಿಲಿಗೆ ಬಂದು ರಿಪೇರಿ ಮಾಡುವ ವಾರಂಟಿ ಇರುವುದನ್ನು ಶಿವಮೊಗ್ಗದಲ್ಲೋ ಬೆಂಗಳೂರಿನಲ್ಲೋ ಕೊಳ್ಳಿ. ನಿಮ್ಮ ಸೋದರನಿಂದ ಬೇರೆ ಉಡುಗೊರೆ ತರಿಸಿಕೊಳ್ಳಬಹುದು.

ಬೆಂಗಳೂರಿನಿಂದ, ಎಸ್.ಪಿ. ರಸ್ತೆಯಲ್ಲಿ ರಿಪೇರಿ ಮಾಡುವವರು

ಪ್ರೊಸೆಸರಿನ ಹೆಸರಿನ ಕೊನೆಯ ಅಕ್ಷರವನ್ನು ನೋಡಿ. ಇಂಟೆಲ್‌ನಲ್ಲಿ ಯು ಎಂದಿದ್ದರೆ ಸಾಮಾನ್ಯವಾಗಿ 15 ವ್ಯಾಟಿನ ವರ್ಗ, ಎಚ್ ಎಂದಿದ್ದರೆ 45 ವ್ಯಾಟಿನದು. ಪುಟವಿನ್ಯಾಸಕ್ಕೆ ಯು ಸಾಕು. ಅದು ತಣ್ಣಗಿರುತ್ತದೆ, ಬ್ಯಾಟರಿಯೂ ಹೆಚ್ಚು ಹೊತ್ತು ಬರುತ್ತದೆ. ಎಚ್ ತೆಗೆದುಕೊಂಡರೆ ಫ್ಯಾನಿನ ಸದ್ದಿನ ಜೊತೆ ಬಾಳಬೇಕು. ರ‍್ಯಾಮ್ 16 ಜಿಬಿಗಿಂತ ಕಡಿಮೆ ಬೇಡ. ಅದಕ್ಕಿಂತ ಮುಖ್ಯವಾದದ್ದು, ಆ ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿದ್ದಾರೆಯೇ, ಇನ್ನೊಂದು ಖಾಲಿ ಸ್ಲಾಟ್ ಇದೆಯೇ ಎಂಬುದು. ನೀವು ಹಳೆಯದನ್ನು ಹನ್ನೆರಡು ವರ್ಷ ಮೀರಿ ನಡೆಸಿದವರು, ಇದನ್ನೂ ಬಹುಕಾಲ ನಡೆಸುತ್ತೀರಿ.

ಸ್ನ್ಯಾಪ್‌ಡ್ರಾಗನ್ ಚಿಪ್ ಇರುವ ವಿಂಡೋಸ್ ಲ್ಯಾಪ್‌ಟಾಪುಗಳು 2024ರಿಂದ ಹೆಚ್ಚಾಗಿ ಬರುತ್ತಿವೆ, ಬ್ಯಾಟರಿಯೂ ಚೆನ್ನಾಗಿದೆ. ನಿಮಗೆ ಮಾತ್ರ ಅದು ಬೇಡ. ಸಾಮಾನ್ಯ ತಂತ್ರಾಂಶಗಳು ಅನುಕರಣೆಯ ಮೂಲಕ, ಅಂದರೆ ಇಂಟೆಲ್ ಚಿಪ್ಪಿನಂತೆ ನಟಿಸುವ ಪದರದ ಮೇಲೆ, ಅದರಲ್ಲಿ ನಡೆದರೂ, ಪ್ರಿಂಟರಿಗೆ ಮತ್ತು ಹಾರ್ಡ್‌ವೇರ್ ಲಾಕಿಗೆ ಬೇಕಾದ ಡ್ರೈವರ್ ಆ ಚಿಪ್ಪಿಗೆಂದೇ ಬರೆದದ್ದಾಗಿರಬೇಕು. ಹಳೆಯ ಸಾಧನಗಳಿಗೆ ಅದನ್ನು ಯಾರೂ ಬರೆದುಕೊಡುವುದಿಲ್ಲ.

ಒಂದೇ ಟೈಪ್ ಸಿ ಕೇಬಲಿನಲ್ಲಿ ಚಿತ್ರವೂ ಚಾರ್ಜೂ ಹರಿಯುವ ಮಾನಿಟರುಗಳಿವೆ, ಮೇಜು ಚೊಕ್ಕಟವಾಗುತ್ತದೆ. ಆದರೆ ಎಲ್ಲ ಟೈಪ್ ಸಿ ಕಿಂಡಿಗಳೂ ಚಿತ್ರ ಕಳಿಸುವುದಿಲ್ಲ, ಎಲ್ಲ ಕೇಬಲುಗಳೂ ಅದನ್ನು ಒಯ್ಯುವುದಿಲ್ಲ. ಮಾನಿಟರ್ ಸತ್ತಿದೆಯೆಂದು ಹೊತ್ತು ತಂದವರ ಕೈಯಲ್ಲಿ ಫೋನಿನ ಚಾರ್ಜರ್ ಕೇಬಲ್ ಇದ್ದದ್ದನ್ನು ನಾನು ಒಂದೇ ತಿಂಗಳಲ್ಲಿ ಮೂರು ಸಲ ನೋಡಿದ್ದೇನೆ. ಮಾನಿಟರಿನ ಡಬ್ಬಿಯಲ್ಲಿ ಬಂದ ಕೇಬಲನ್ನೇ ಬಳಸಿ.

ಇನ್ನೊಂದು ಎಚ್ಚರಿಕೆ, ದಯವಿಟ್ಟು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಹೊಸ ವಿಂಡೋಸ್ 11 ಯಂತ್ರಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೋದಾಗ ಡಿಸ್ಕ್ ತಾನಾಗಿ ಗೂಢಲಿಪೀಕರಣಗೊಳ್ಳುವುದು, ಅಂದರೆ ಕೀ ಇಲ್ಲದೆ ಓದಲಾಗದಂತೆ ಬೀಗ ಬೀಳುವುದು, ಸಾಮಾನ್ಯ. ಡೆಸ್ಕ್‌ಟಾಪ್ ಕೆಟ್ಟರೆ ಡಿಸ್ಕನ್ನು ತೆಗೆದು ಬೇರೆಯದಕ್ಕೆ ಹಾಕಿ ಕಡತ ಹೊರತೆಗೆಯುತ್ತಿದ್ದೆವು. ಇಲ್ಲಿ ಬೋರ್ಡ್ ಕೆಟ್ಟರೆ 48 ಅಂಕಿಗಳ ರಿಕವರಿ ಕೀ ಇಲ್ಲದೆ ಒಂದು ಕಡತವೂ ಸಿಗುವುದಿಲ್ಲ. ಅದು ಆ ಖಾತೆಯಲ್ಲಿ ಉಳಿದಿರುತ್ತದೆ. ಕಾಗದದ ಮೇಲೂ ಬರೆದು, ಲ್ಯಾಪ್‌ಟಾಪಿನ ಚೀಲದಲ್ಲಲ್ಲದೆ ಬೀರುವಿನಲ್ಲಿಡಿ.

ಉಡುಪಿಯಿಂದ

ನಾನು ಲ್ಯಾಪ್‌ಟಾಪಿಗೆ ಬದಲಿಸಿ, ವರ್ಷದ ಬಳಿಕ ಮತ್ತೆ ಹಿಂದಿರುಗಿದವಳು. ನಾನು ಅದನ್ನು ಮೇಜಿನಿಂದ ಎತ್ತಿದ್ದೇ ಇಲ್ಲವೆಂಬುದು ಗೊತ್ತಾಯಿತು. ಎತ್ತದವರಿಗೆ ಅಂಗೈಯಗಲದ ಮಿನಿ ಪಿಸಿಯನ್ನು ಇನ್ವರ್ಟರಿನ ಸಾಲಿಗೆ ಹಾಕಿದರೆ ಕಡಿಮೆ ಖರ್ಚಿನಲ್ಲಿ ಅಷ್ಟೇ ಕೆಲಸ ಆಗುತ್ತದೆ. ನೀವು ತಿಂಗಳಿಗೆರಡು ಬಾರಿ ಬೆಂಗಳೂರಿಗೆ ಹೋದಾಗ ಮುದ್ರಣಾಲಯದಲ್ಲಿ ಕುಳಿತು ತಿದ್ದಬೇಕೇ, ಪೆನ್‌ಡ್ರೈವ್ ಕೊಟ್ಟು ಬಂದರೆ ಸಾಕೇ ಎಂಬುದನ್ನು ಮೊದಲು ತೀರ್ಮಾನಿಸಿಕೊಳ್ಳಿ.

ಸಾಗರದಿಂದ, ಪ್ರಶ್ನೆ ಕೇಳಿದವರು

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಉಡುಪಿಯವರ ಪ್ರಶ್ನೆಗೆ ಉತ್ತರ: ಅಲ್ಲಿಯೇ ಕುಳಿತು ತಿದ್ದಬೇಕು. ಅಚ್ಚಿನ ಪ್ಲೇಟ್ ಹಾಕುವ ಮುನ್ನ ಲೇಖಕರು ಬಂದು ಎರಡು ಸಾಲು ಸೇರಿಸುವುದು ಇದ್ದೇ ಇದೆ, ಆದ್ದರಿಂದ ಲ್ಯಾಪ್‌ಟಾಪೇ ಸರಿ. ಯು ವರ್ಗದ ಪ್ರೊಸೆಸರ್, 16 ಜಿಬಿ ರ‍್ಯಾಮ್, ಒಂದು ಖಾಲಿ ಸ್ಲಾಟ್ ಇರುವುದನ್ನು ನೋಡಿ, 24 ಇಂಚಿನ ಮಾನಿಟರಿನೊಂದಿಗೆ ತೆಗೆದುಕೊಳ್ಳುತ್ತೇನೆ. ಅರ್ಥಿಂಗ್ ಪರೀಕ್ಷಿಸಿದಾಗ ಮೇಜಿನ ಪಕ್ಕದ ಸಾಕೆಟ್ಟಿಗೆ ಅರ್ಥ್ ತಂತಿ ಇರಲಿಲ್ಲ, ಈಗ ಹಾಕಿಸಿದ್ದೇನೆ. ಹಳೆಯ ಡೆಸ್ಕ್‌ಟಾಪನ್ನು ಮಾರಿಬಿಡಬಹುದೇ?

ಮೈಸೂರಿನಿಂದ, ಪುಟವಿನ್ಯಾಸಕಿ

ಆರು ತಿಂಗಳಾದರೂ ಮಾರಬೇಡಿ. ಇಂಟರ್ನೆಟ್ ಸಂಪರ್ಕ ತೆಗೆದು, ಪೇಜ್‌ಮೇಕರ್ ಕಡತಗಳನ್ನು ತೆರೆಯುವುದಕ್ಕೆಂದೇ ಮೂಲೆಯಲ್ಲಿಡಿ. ಕಡತಗಳನ್ನು ಸಾಗಿಸುವಾಗ ಎಲ್ಲರೂ ಡಾಕ್ಯುಮೆಂಟ್ಸ್ ಫೋಲ್ಡರನ್ನು ಮರೆಯದೆ ಒಯ್ಯುತ್ತಾರೆ, ಸಿ ಡ್ರೈವಿನ ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್ ಫೋಲ್ಡರನ್ನು ಮರೆಯುತ್ತಾರೆ. ನಾನೂ ಮರೆತಿದ್ದೆ. ಹಳೆಯ ನುಡಿ ಫಾಂಟುಗಳಲ್ಲಿ ಕನ್ನಡ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲೇ ಕುಳಿತಿರುವುದರಿಂದ, ಆ ಫಾಂಟ್ ಇಲ್ಲದ ಯಂತ್ರದಲ್ಲಿ ಇಡೀ ಕಾದಂಬರಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗಿ ತೆರೆದುಕೊಳ್ಳುತ್ತದೆ. ಮೊದಲು ಆ ಫೋಲ್ಡರನ್ನು ಪ್ರತಿ ಮಾಡಿಕೊಳ್ಳಿ, ಬಳಿಕ ಉಳಿದದ್ದನ್ನು ಒಯ್ಯಿರಿ.