ಕಡಲತೀರದ ಮನೆಯ ಸ್ಪ್ಲಿಟ್ ಎಸಿ: ಉಪ್ಪುಗಾಳಿ ಮತ್ತು ಸಿಡಿಲಿನಿಂದ ಕಾಪಾಡುವುದು ಹೇಗೆ?

ಪ್ರಶ್ನೆ (ಮಲ್ಪೆಯಿಂದ):
ನಮ್ಮ ಮನೆ ಮಲ್ಪೆಯಲ್ಲಿ, ಕಡಲಿನಿಂದ ಕೂಗಳತೆಯ ದೂರದಲ್ಲಿದೆ. ಅಮ್ಮನಿಗೆ ಸೆಕೆ ತಡೆಯಲಾಗುತ್ತಿಲ್ಲವೆಂದು ಅವರ ಕೋಣೆಗೆ ಒಂದೂವರೆ ಟನ್ನಿನ ಇನ್ವರ್ಟರ್ ಸ್ಪ್ಲಿಟ್ ಎಸಿ ಹಾಕಿಸಿದ್ದೇವೆ. ಅದರ ಔಟ್‌ಡೋರ್ ಯೂನಿಟ್ ಕಡಲಿಗೆ ಮುಖಮಾಡಿದ ಪಶ್ಚಿಮದ ಗೋಡೆಯಲ್ಲಿದೆ. ಈಗ ಅದರ ಹಿಂಬದಿಯಲ್ಲಿರುವ ತೆಳು ತಗಡಿನಂತಹ ಅಲ್ಯೂಮಿನಿಯಂ ಫಿನ್‌ಗಳಿಗೆ ಬೆರಳು ತಾಗಿಸಿದರೆ ಬಿಳಿ ಪುಡಿ ಉದುರುತ್ತದೆ, ಸ್ಟ್ಯಾಂಡಿನ ಬೋಲ್ಟುಗಳು ತುಕ್ಕು ಹಿಡಿದು ಊದಿಕೊಂಡಿವೆ. ಪ್ರತಿ ಬೇಸಿಗೆಯಲ್ಲೂ ತಂಪು ಕಡಿಮೆಯಾಗುತ್ತದೆ, ಸರ್ವಿಸಿಗೆ ಬಂದವರು ಗ್ಯಾಸ್ ತುಂಬಿಸಿ ಹೋಗುತ್ತಾರೆ. ಮಳೆಗಾಲದಲ್ಲಿ ಯೂನಿಟ್ಟಿಗೆ ಪ್ಲಾಸ್ಟಿಕ್ ಹೊದಿಸಿದರೆ ಪ್ರಯೋಜನವಾದೀತೇ? ಸಿಡಿಲಿನಿಂದ ರಕ್ಷಿಸಲು ಸ್ಟೆಬಿಲೈಜರ್ ಸಾಕೇ? ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ 1 (ಮಂಗಳೂರಿನಿಂದ, ಎಸಿ ದುರಸ್ತಿ ವೃತ್ತಿಯವನು):
ಮೊದಲು ಗ್ಯಾಸಿನ ವಿಷಯ ಹೇಳುತ್ತೇನೆ, ಏಕೆಂದರೆ ಇದರಲ್ಲಿ ಜನರ ದುಡ್ಡು ಪ್ರತಿವರ್ಷ ಪೋಲಾಗುವುದನ್ನು ನೋಡಿ ನನಗೆ ಬೇಸರವಾಗಿದೆ. ಎಸಿಯ ಗ್ಯಾಸ್ ಪೆಟ್ರೋಲಿನಂತೆ ಖರ್ಚಾಗುವ ವಸ್ತುವಲ್ಲ; ಅದು ಮುಚ್ಚಿದ ಕೊಳವೆಗಳಲ್ಲೇ ಸುತ್ತುತ್ತಿರುತ್ತದೆ. ಪ್ರತಿವರ್ಷ ಕಡಿಮೆಯಾಗುತ್ತಿದೆ ಎಂದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ನೈಟ್ರೋಜನ್ ಒತ್ತಡ ಕೊಟ್ಟು, ಜೋಡಣೆಗಳಿಗೆ ಸಾಬೂನು ನೀರು ಹಚ್ಚಿ ಸೋರಿಕೆಯ ಜಾಗವನ್ನು ಹುಡುಕಿಸಿ, ಅದನ್ನು ಸರಿಪಡಿಸಿದ ಮೇಲೆ ವ್ಯಾಕ್ಯೂಮ್ ಪಂಪಿನಿಂದ ಗಾಳಿ ಮತ್ತು ತೇವಾಂಶವನ್ನು ತೆಗೆಸಿ, ನಂತರವೇ ಯೂನಿಟ್ಟಿನ ಲೇಬಲ್ಲಿನಲ್ಲಿ ಬರೆದಿರುವಷ್ಟು ಗ್ರಾಂ ಗ್ಯಾಸನ್ನು ತೂಕ ಮಾಡಿ ತುಂಬಿಸಬೇಕು. ನಿಮ್ಮದು ಆರ್-32 ಗ್ಯಾಸಿನ ಎಸಿ ಆಗಿದ್ದರೆ ಅದಕ್ಕೆ ಸ್ವಲ್ಪ ಮಟ್ಟಿಗೆ ಹೊತ್ತಿಕೊಳ್ಳುವ ಗುಣವಿದೆ. ಗ್ಯಾಸನ್ನು ಪೂರ್ತಿ ತೆಗೆಯದೆ ಪೈಪಿಗೆ ಬೆಂಕಿ ಹಿಡಿದು ಬೆಸುಗೆ ಹಾಕಲು ಯಾರಿಗೂ ಬಿಡಬೇಡಿ.

ಬಿಳಿ ಪುಡಿಗೆ ಕಾರಣ ಉಪ್ಪು. ಗ್ಯಾಸ್ ಸುತ್ತುತ್ತಾ ಬಿಸಿಯನ್ನು ಹೊರಬಿಡುವ ಕಾಯಿಲ್‌ನ ಕೊಳವೆ ತಾಮ್ರದ್ದು, ಫಿನ್ ಅಲ್ಯೂಮಿನಿಯಂನದು. ಎರಡು ಬೇರೆ ಲೋಹಗಳು ತಾಗಿಕೊಂಡಿರುವಲ್ಲಿ ಉಪ್ಪಿನ ತೇವ ಸೇರಿದರೆ ಅಲ್ಯೂಮಿನಿಯಂ ಸವೆಯುತ್ತಾ ಹೋಗುತ್ತದೆ. ನೀಲಿ ಅಥವಾ ಚಿನ್ನದ ಬಣ್ಣದ ಲೇಪನವಿರುವ ಫಿನ್‌ಗಳು ಹೆಚ್ಚು ಕಾಲ ತಾಳುತ್ತವೆಯಾದರೂ ಅವೂ ಶಾಶ್ವತವಲ್ಲ. ಆದ್ದರಿಂದ ಪ್ಲಾಸ್ಟಿಕ್ ಹೊದಿಕೆ ಬೇಡ. ಔಟ್‌ಡೋರ್ ಯೂನಿಟ್ ಮಳೆಗೆ ನೆನೆಯಲೆಂದೇ ತಯಾರಾದದ್ದು. ಹೊದಿಕೆಯೊಳಗೆ ಉಪ್ಪು ಮತ್ತು ತೇವ ಎರಡೂ ಸಿಕ್ಕಿಬೀಳುತ್ತವೆ, ಮಳೆನೀರು ತಾನಾಗಿ ಉಪ್ಪನ್ನು ತೊಳೆಯುವ ಅವಕಾಶವೂ ತಪ್ಪುತ್ತದೆ. ಮರೆತು ಹೊದಿಕೆ ಇದ್ದಂತೆಯೇ ಎಸಿ ಹಾಕಿದರೆ ಬಿಸಿ ಹೊರಹೋಗದೆ ಕಂಪ್ರೆಸರಿಗೆ ಹಾನಿಯಾಗುತ್ತದೆ.

ಮಾಡಬೇಕಾದದ್ದು ತೊಳೆಯುವ ಕೆಲಸ. ಮಳೆಯಿಲ್ಲದ ತಿಂಗಳುಗಳಲ್ಲಿ ಎರಡು ಮೂರು ವಾರಗಳಿಗೊಮ್ಮೆ ಎಸಿಯ ಎಂಸಿಬಿ (ಕರೆಂಟು ಕಡಿಯುವ ಸ್ವಿಚ್) ಇಳಿಸಿ, ತೋಟದ ಪೈಪಿನಿಂದ ಸಿಹಿನೀರನ್ನು ಮೆಲ್ಲಗೆ ಮೇಲಿನಿಂದ ಕೆಳಕ್ಕೆ ಹರಿಸಿರಿ. ವಿದ್ಯುತ್ ಭಾಗವಿರುವ ಬದಿಗೆ ನೀರು ಚಿಮ್ಮಿಸಬೇಡಿ. ಉಪ್ಪುನೀರು ಬರುವ ಬಾವಿಯಾದರೆ ಆ ನೀರನ್ನು ಬಳಸಲೇಬಾರದು. ರಭಸದ ಜೆಟ್ ಫಿನ್‌ಗಳನ್ನು ಮಡಚುತ್ತದೆ, ಆಸಿಡ್ ಬೆರೆಸಿದ ದ್ರಾವಣ ಅವನ್ನು ಇನ್ನಷ್ಟು ಬೇಗ ತಿನ್ನುತ್ತದೆ; ಎರಡನ್ನೂ ಸರ್ವಿಸಿನವರಿಗೆ ಮೊದಲೇ ಬೇಡವೆನ್ನಿ.

ಉತ್ತರ 2 (ಕುಂದಾಪುರದಿಂದ, ವಿದ್ಯುತ್ ಗುತ್ತಿಗೆದಾರ):
ಸ್ಟೆಬಿಲೈಜರ್ ಇರುವುದು ವೋಲ್ಟೇಜಿನ ಏರಿಳಿತಕ್ಕೆ. ಸಿಡಿಲಿನ ಆಘಾತ ಮೈಕ್ರೋಸೆಕೆಂಡುಗಳಲ್ಲಿ ಬಂದು ಹೋಗುತ್ತದೆ, ಸ್ಟೆಬಿಲೈಜರಿನ ರಿಲೇ ಅಷ್ಟು ಬೇಗ ಅಲುಗಾಡುವುದೇ ಇಲ್ಲ. ಅದಕ್ಕೆ ಮನೆಯ ಡಿಬಿಯಲ್ಲಿ (ಎಂಸಿಬಿಗಳಿರುವ ವಿತರಣಾ ಪೆಟ್ಟಿಗೆ) ಸರ್ಜ್ (ವೋಲ್ಟೇಜಿನ ದಿಢೀರ್ ಏರಿಕೆ) ತಡೆಯುವ ಸಾಧನವನ್ನು ಹಾಕಿಸಬೇಕು. ಒಳ್ಳೆಯ ಅರ್ಥಿಂಗ್ ಇಲ್ಲದಿದ್ದರೆ ಅದರಿಂದಲೂ ಪೂರ್ಣ ರಕ್ಷಣೆ ಸಿಗದು, ಆದ್ದರಿಂದ ಅರ್ಥ್ ಗುಂಡಿಯನ್ನು ಬೇಸಿಗೆ ಮುಗಿಯುವ ಮೊದಲು ಪರೀಕ್ಷಿಸಿಕೊಳ್ಳಿ.

ರಿಮೋಟಿನಲ್ಲಿ ಎಸಿ ನಿಲ್ಲಿಸಿದರೆ ಎಸಿಯೊಳಗಿನ ಎಲೆಕ್ಟ್ರಾನಿಕ್ ಬೋರ್ಡಿಗೆ ಕರೆಂಟು ಹೋಗುತ್ತಲೇ ಇರುತ್ತದೆ. ಒಂದೇ ಪೋಲಿನ ಎಂಸಿಬಿ ಇಳಿಸಿದರೂ ಫೇಸ್ ಮಾತ್ರ ಕಡಿಯುತ್ತದೆ, ನ್ಯೂಟ್ರಲ್ ಹಾಗೇ ಉಳಿಯುತ್ತದೆ. ಎರಡನ್ನೂ ಕಡಿಯುವ ಡಬಲ್ ಪೋಲ್ ಎಂಸಿಬಿ ಹಾಕಿಸಿ, ಏಪ್ರಿಲ್, ಮೇ ಮತ್ತು ಅಕ್ಟೋಬರ್ ತಿಂಗಳ ಸಂಜೆಗಳಲ್ಲಿ ಮೋಡ ಕವಿಯುತ್ತಿದ್ದಂತೆಯೇ ಇಳಿಸಿರಿ; ಗುಡುಗು ತಲೆಯ ಮೇಲೆ ಬಂದ ನಂತರ ಸ್ವಿಚ್ ಬೋರ್ಡಿನ ಹತ್ತಿರ ಹೋಗಬೇಡಿ. ಸ್ಟೆಬಿಲೈಜರ್ ಬೇಕೋ ಬೇಡವೋ ಎಂಬುದನ್ನು ಕೈಪಿಡಿಯಲ್ಲಿ ನಮೂದಿಸಿರುವ ವೋಲ್ಟೇಜ್ ಮಿತಿಯನ್ನು ನಿಮ್ಮ ಮನೆಯ ಸಂಜೆಯ ವೋಲ್ಟೇಜಿನೊಂದಿಗೆ ಹೋಲಿಸಿ ತೀರ್ಮಾನಿಸಬಹುದು.

ಉತ್ತರ 3 (ಕಾರವಾರದಿಂದ):
ಒಂದು ಮಾತು ಸೇರಿಸುತ್ತೇನೆ. ಪೈಪು ಒಳಬರುವ ಗೋಡೆಯ ತೂತನ್ನು ಪುಟ್ಟಿಯಿಂದ ಭದ್ರವಾಗಿ ಮುಚ್ಚಿಸಿ. ಹಲ್ಲಿ ಮತ್ತು ಇರುವೆಗಳು ಬೆಚ್ಚಗಿನ ಬೋರ್ಡನ್ನು ಹುಡುಕಿಕೊಂಡು ಬರುತ್ತವೆ, ಎರಡು ತುದಿಗಳ ನಡುವೆ ಒಂದು ಹಲ್ಲಿ ಸಿಕ್ಕಿಕೊಂಡರೂ ಬೋರ್ಡ್ ಸುಟ್ಟುಹೋಗುತ್ತದೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಕೃತಜ್ಞತೆಗಳು. ಫಿನ್‌ಗಳು ಇಷ್ಟು ಉದುರಿದ ಮೇಲೆ ಕಾಯಿಲ್ ಬದಲಿಸಬೇಕೇ? ಯೂನಿಟ್ಟನ್ನು ಪೂರ್ವದ ಗೋಡೆಗೆ ಸಾಗಿಸಬಹುದೇ?

ಉತ್ತರ 1 ಬರೆದವರು:
ಸೋರಿಕೆ ಪೈಪಿನ ಜೋಡಣೆಯಲ್ಲಿದ್ದರೆ ಕಾಯಿಲ್ ಇನ್ನೂ ಕೆಲವು ಕಾಲ ಬಾಳೀತು. ಕಾಯಿಲ್‌ನಲ್ಲೇ ಇದ್ದರೆ ತೇಪೆ ಹಾಕಿಸದೆ ಬದಲಿಸುವುದೇ ಸರಿ. ವಾರಂಟಿ ಕಾರ್ಡನ್ನು ಮೊದಲು ಓದಿಕೊಳ್ಳಿ, ಏಕೆಂದರೆ ಕಂಪ್ರೆಸರಿಗೆ ಕೊಟ್ಟ ದೀರ್ಘ ವಾರಂಟಿ ಕಾಯಿಲ್‌ಗೂ ಅನ್ವಯಿಸುತ್ತದೆಂದು ಭಾವಿಸಲಾಗದು. ಪೂರ್ವದ ಗೋಡೆಗೆ ಸಾಗಿಸುವುದು ಒಳ್ಳೆಯದೇ, ಆದರೆ ಪೈಪಿನ ಉದ್ದ ಕೈಪಿಡಿಯ ಮಿತಿಯೊಳಗಿರಲಿ, ಹೆಚ್ಚಾದ ಉದ್ದಕ್ಕೆ ತಕ್ಕಂತೆ ಗ್ಯಾಸನ್ನೂ ಸೇರಿಸಬೇಕಾಗುತ್ತದೆ. ಸಾಗಿಸುವಾಗ ಬೋಲ್ಟುಗಳನ್ನು 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನವನ್ನೇ ಹಾಕಿಸಿ. 304 ದರ್ಜೆಯವು ಉಪ್ಪುಗಾಳಿಯಲ್ಲಿ ಚುಕ್ಕೆ ಚುಕ್ಕೆಯಾಗಿ ತುಕ್ಕು ಹಿಡಿಯುತ್ತವೆ.