ಎಂ.ಕಾಂ ಪ್ರಾಜೆಕ್ಟ್: 112 ಫಾರ್ಮ್ ತುಂಬಿಸಿ ಆಯ್ತು, ಈಗ ಡಿಸೈನೇ ಸರಿಯಿಲ್ಲ ಅಂತಿದ್ದಾರೆ ಗೈಡ್

ಬೆಣ್ಣೆದೋಸೆ:
ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಎಂ.ಕಾಂ ಕೊನೆಯ ಸೆಮಿಸ್ಟರ್‌ನಲ್ಲಿದ್ದೇನೆ. ಪ್ರಾಜೆಕ್ಟ್ ಹೆಸರು ‘ಕಿರಾಣಿ ಅಂಗಡಿಗಳ ವ್ಯಾಪಾರದ ಮೇಲೆ ಯುಪಿಐ ಪರಿಣಾಮ’. ಸೀನಿಯರ್ ಒಬ್ಬರ ರಿಪೋರ್ಟ್ ನೋಡಿ ಮೂರನೇ ಅಧ್ಯಾಯದಲ್ಲಿ ‘ಡಿಸ್ಕ್ರಿಪ್ಟಿವ್ ರಿಸರ್ಚ್ ಡಿಸೈನ್’ (ಇದ್ದದ್ದನ್ನು ಇದ್ದ ಹಾಗೆ ವಿವರಿಸುವ ಅಧ್ಯಯನ) ಅಂತ ಬರೆದೆ. ಬಿಸಿಲಲ್ಲಿ ಅಲೆದು 112 ಅಂಗಡಿಯವರಿಂದ ಫಾರ್ಮ್ ತುಂಬಿಸಿದೆ. ಯುಪಿಐ ಇದೆಯೋ ಇಲ್ಲವೋ, ವ್ಯಾಪಾರ ಹೆಚ್ಚಿದೆಯೋ ಇಲ್ಲವೋ ಅಂತ ಎಸ್‌ಪಿಎಸ್‌ಎಸ್ ಅನ್ನೋ ಅಂಕಿಅಂಶದ ಸಾಫ್ಟ್‌ವೇರ್‌ನಲ್ಲಿ ಕೈ-ಸ್ಕ್ವೇರ್ (ಎರಡಕ್ಕೂ ಸಂಬಂಧ ಇದೆಯೇ ಅಂತ ನೋಡುವ ಪರೀಕ್ಷೆ) ಹಾಕಿದರೆ ಟೇಬಲ್ ಕೆಳಗೆ ಒಂದು ಎಚ್ಚರಿಕೆ ಬರುತ್ತದೆ: ಟೇಬಲ್‌ನ ನಾಲ್ಕು ಸೆಲ್‌ಗಳಲ್ಲಿ (ಖಾನೆಗಳಲ್ಲಿ) 2ರಲ್ಲಿ, ಅಂದರೆ ಶೇ. 50ರಲ್ಲಿ, ಎಕ್ಸ್‌ಪೆಕ್ಟೆಡ್ ಕೌಂಟ್ (ಸಂಬಂಧವೇ ಇಲ್ಲದಿದ್ದರೆ ಬರಬೇಕಾದ ಸಂಖ್ಯೆ) 5ಕ್ಕಿಂತ ಕಡಿಮೆ. ಗೈಡ್ ನೋಡಿದವರೇ ‘ಡಿಸೈನ್ ಬದಲಿಸು’ ಅಂದರು. ಯಾವುದಕ್ಕೆ ಬದಲಿಸಬೇಕು ಅಂತ ಹೇಳಲಿಲ್ಲ. ಇನ್ನು ಐದೇ ವಾರ ಇದೆ. ಇನ್ನೂ ನೂರು ಫಾರ್ಮ್ ತುಂಬಿಸಿದರೆ ಸರಿಹೋಗುತ್ತಾ?

ಹಳೇಲೆಕ್ಕ:
ಸ್ವಲ್ಪ ತಡೀರಿ, ಫಾರ್ಮ್ ಪ್ರಿಂಟ್ ಹಾಕಿಸಬೇಡಿ. ಎರಡು ವಿಷಯ ಹೇಳಿ. 112ರಲ್ಲಿ ಯುಪಿಐ ಇಲ್ಲದ ಅಂಗಡಿ ಎಷ್ಟು? ‘ವ್ಯಾಪಾರ’ವನ್ನು ಹೇಗೆ ಅಳೆದಿರಿ?

ಬೆಣ್ಣೆದೋಸೆ:
ಯುಪಿಐ ಇಲ್ಲದ್ದು ಮೂರು ಸರ್. ಅದರಲ್ಲೂ ಒಂದು ಕಡೆ ಸ್ಕ್ಯಾನರ್ ಇತ್ತು, ಮಗ ಊರಲ್ಲಿಲ್ಲ ಅಂತ ಒಳಗೆ ಎತ್ತಿಟ್ಟಿದ್ದರು. ವಹಿವಾಟು ಎಷ್ಟು ಅಂತ ಕೇಳಿದರೆ ಯಾರೂ ಬಾಯಿ ಬಿಡಲಿಲ್ಲ. ‘ಜಿಎಸ್‌ಟಿ ಆಫೀಸಿಂದ ಬಂದೀಯೇನಮ್ಮ?’ ಅಂತಲೇ ಕೇಳಿದರು ಒಬ್ಬರು. ಅದಕ್ಕೆ ‘ಯುಪಿಐನಿಂದ ನನ್ನ ವ್ಯಾಪಾರ ಹೆಚ್ಚಿದೆ’ ಅಂತ ಒಂದು ವಾಕ್ಯ ಕೊಟ್ಟು, ಒಪ್ಪುತ್ತೇನೆ, ಒಪ್ಪುವುದಿಲ್ಲ ಅಂತ ಟಿಕ್ ಮಾಡಿಸಿದೆ.

ಹಳೇಲೆಕ್ಕ:
ರೋಗ ಸಿಕ್ತು. ಎಸ್‌ಪಿಎಸ್‌ಎಸ್ ಹೇಳುತ್ತಿರುವುದೂ ಇದನ್ನೇ. 109 ಜನ ಒಂದು ಕಡೆ, ಮೂರು ಜನ ಇನ್ನೊಂದು ಕಡೆ. ಆ ಮೂವರ ಸಾಲನ್ನು ಎರಡಾಗಿ ಹಂಚಿದರೆ ಯಾವ ಸೆಲ್‌ಗೂ 5 ಎಲ್ಲಿಂದ ಬರಬೇಕು? ಇನ್ನೂ ನೂರು ತುಂಬಿಸಿದರೆ 97 ಜನ ಮತ್ತೆ ಆ ಕಡೆಗೇ ಹೋಗುತ್ತಾರೆ.

‘ಪರಿಣಾಮ’ ಅನ್ನೋ ಪದ ಬರೆದ ಕೂಡಲೇ ‘ಯಾವುದಕ್ಕೆ ಹೋಲಿಸಿ?’ ಅನ್ನೋ ಪ್ರಶ್ನೆ ಬರುತ್ತದೆ. ಒಂದು ಹಳೇ ಉದಾಹರಣೆ ಕೊಡುತ್ತೇನೆ. 1992ರ ಏಪ್ರಿಲ್‌ನಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯ ಕನಿಷ್ಠ ಕೂಲಿಯನ್ನು ಗಂಟೆಗೆ 4.25 ಡಾಲರ್‌ನಿಂದ 5.05ಕ್ಕೆ ಏರಿಸಿತು. ಇದರಿಂದ ಕೆಲಸ ಕಡಿಮೆ ಆಯ್ತಾ ಅಂತ ನೋಡಲು ಅರ್ಥಶಾಸ್ತ್ರಜ್ಞರಾದ ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ನ್ಯೂಜೆರ್ಸಿಯ ಹೋಟೆಲ್‌ಗಳನ್ನಷ್ಟೇ ಕೇಳಲಿಲ್ಲ. ಪಕ್ಕದಲ್ಲೇ ಪೆನ್ಸಿಲ್ವೇನಿಯ ಇದೆ, ಅಲ್ಲಿ ಕೂಲಿ ಏರಿರಲಿಲ್ಲ. ಎರಡೂ ಕಡೆ ಸೇರಿ 410 ಫಾಸ್ಟ್‌ಫುಡ್ ಅಂಗಡಿ ಹಿಡಿದು, ಕೂಲಿ ಏರುವ ಮುಂಚೆ ಒಮ್ಮೆ, ಏರಿದ ಮೇಲೆ ಒಮ್ಮೆ ಕೇಳಿದರು. ಮುಂಚೆ ಮತ್ತು ಆಮೇಲೆ, ಇಲ್ಲಿ ಮತ್ತು ಅಲ್ಲಿ. ನಿಮಗೆ ‘ಮುಂಚೆ’ಯೂ ಇಲ್ಲ, ‘ಅಲ್ಲಿ’ಯೂ ಇಲ್ಲ. ದಾವಣಗೆರೆಯಲ್ಲಿ ಸ್ಕ್ಯಾನರ್ ಇಲ್ಲದ ಅಂಗಡಿ ಹುಡುಕುವುದೇ ಒಂದು ಪ್ರಾಜೆಕ್ಟ್ ಆದೀತು!

ಇನ್ನು ಆ ಟಿಕ್. ಅದು ವ್ಯಾಪಾರ ಅಲ್ಲ, ವ್ಯಾಪಾರದ ಬಗ್ಗೆ ಅಂಗಡಿಯವರ ಅನಿಸಿಕೆ. ಬಾಗಿಲಿಗೆ ಬಂದ ಹುಡುಗಿಗೆ ಬೇಜಾರು ಮಾಡೋದು ಬೇಡ ಅಂತಲೂ ಹಾಕಿರಬಹುದು.

ಮಲೆನಾಡ್_ಮಳೆ:
ಹಾಗಾದರೆ ‘ಯುಪಿಐ ಬರುವ ಮುಂಚೆ ಹೇಗಿತ್ತು’ ಅಂತ ಅದೇ ಅಂಗಡಿಯವರನ್ನೇ ಕೇಳಬಹುದಲ್ವಾ? ಬಿಫೋರ್-ಆಫ್ಟರ್ ಆಗುತ್ತೆ.

ಹಳೇಲೆಕ್ಕ:
ಕೇಳಬಹುದು, ಆದರೆ ನಂಬೋದು ಕಷ್ಟ. ಯುಪಿಐ ಬಂದಿದ್ದು 2016ರಲ್ಲಿ. ಅದೇ ವರ್ಷ ನವೆಂಬರ್ 8ಕ್ಕೆ ನೋಟು ರದ್ದತಿ. 2017ರ ಜುಲೈಗೆ ಜಿಎಸ್‌ಟಿ. 2020ರ ಮಾರ್ಚ್‌ಗೆ ಲಾಕ್‌ಡೌನ್. ವ್ಯಾಪಾರ ಏರಿದರೂ ಇಳಿದರೂ ಯಾವುದರಿಂದ ಅಂತ ಬಿಡಿಸೋದು ಹೇಗೆ? ಅಷ್ಟು ವರ್ಷದ ಹಿಂದಿನ ಲೆಕ್ಕ ನೆನಪಿನಿಂದ ಹೇಳಿ ಅಂದರೆ ಬಾಯಿಗೆ ಬಂದದ್ದು ಹೇಳುತ್ತಾರೆ, ತಪ್ಪೇನಿಲ್ಲ. ಜೊತೆಗೆ 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸ್ ಬಂದಿದ್ದು ಎಲ್ಲರಿಗೂ ನೆನಪಿದೆ. ವಹಿವಾಟಿನ ಅಂಕಿ ನಿಮಗೆ ಸಿಗಲ್ಲ, ಆಸೆ ಬಿಡಿ.

ಬೆಣ್ಣೆದೋಸೆ ಅವರೇ, ನಿಮಗೆ ಎರಡು ದಾರಿ. ಸುಲಭದ್ದು: ಶೀರ್ಷಿಕೆಯಿಂದ ‘ಪರಿಣಾಮ’ ತೆಗೆದು ‘ಬಳಕೆ’ ಅಂತ ಮಾಡಿ. ಆಗ ಡಿಸ್ಕ್ರಿಪ್ಟಿವ್ ಸರಿಯಾದ ಹೆಸರೇ. ಇದ್ದ ಫಾರ್ಮ್‌ನಲ್ಲೇ ಕೆಲಸ ಮುಗಿಯುತ್ತದೆ, ಪಾಸೂ ಆಗುತ್ತೀರಿ. ನಾನಾಗಿದ್ದರೆ ಎರಡನೆಯದು ಹಿಡಿಯುತ್ತಿದ್ದೆ. ಪ್ರಶ್ನೆಯನ್ನೇ ಚಿಕ್ಕದು ಮಾಡಿ: ‘ಯುಪಿಐ ಬಂದ ಮೇಲೆ ಉದ್ರಿ ಹೇಗೆ ಬದಲಾಗಿದೆ?’ ಆರು ಅಂಗಡಿ ಸಾಕು. ಕೇಸ್ ಸ್ಟಡಿ. ಉದ್ರಿ ಪುಸ್ತಕ ಅಂಗಡಿಯಲ್ಲೇ ಇರುತ್ತದೆ, ಹಳೆಯದನ್ನೂ ಎಷ್ಟೋ ಜನ ಎಸೆದಿರುವುದಿಲ್ಲ. ಅಲ್ಲಿ ನೆನಪಿನ ಹಂಗಿಲ್ಲ, ತಾರೀಖು ಬರೆದಿರುತ್ತದೆ.

ಮಲೆನಾಡ್_ಮಳೆ:
ಆರು ಅಂಗಡಿನಾ? ಹೊರಗಿಂದ ಬರುವ ಪರೀಕ್ಷಕರು (ಎಕ್ಸ್‌ಟರ್ನಲ್) ‘384 ಫಾರ್ಮ್ ಇರಬೇಕು’ ಅಂತ ಹಿಡ್ಕೊಳ್ಳಲ್ವಾ? ನನ್ನ ವೈವಾದಲ್ಲಿ ಅದೇ ಆಯ್ತು.

ಹಳೇಲೆಕ್ಕ:
ಆ 384 ಕ್ರೆಜ್ಸಿ ಮತ್ತು ಮಾರ್ಗನ್ ಅವರ 1970ರ ಸ್ಯಾಂಪಲ್ ಗಾತ್ರದ ಟೇಬಲ್‌ನದ್ದು. ಲಕ್ಷಗಟ್ಟಲೆ ಜನರಿಂದ ಚೀಟಿ ಎತ್ತಿದ ಹಾಗೆ ರ‍್ಯಾಂಡಮ್ ಆಗಿ ಆರಿಸಿದಾಗ ಅದಕ್ಕೆ ಅರ್ಥ ಇದೆ. ಪರಿಚಯದವರ ಅಂಗಡಿಗೇ ಹೋಗಿ 384 ತುಂಬಿಸಿದರೆ ಪರಿಚಯದವರ ಸಂಖ್ಯೆ ಜಾಸ್ತಿ ಆಯ್ತು ಅಷ್ಟೆ. ಕೇಸ್ ಸ್ಟಡಿಯಲ್ಲಿ ಎಷ್ಟು ಅನ್ನೋದಕ್ಕಿಂತ ಯಾಕೆ ಇವೇ ಅಂಗಡಿ ಅನ್ನೋದು ಮುಖ್ಯ. ಮೂರು ಅಂಗಡಿ ಹಾಸ್ಟೆಲ್‌ಗಳ ಹತ್ತಿರದ್ದು, ದಿನವೂ ಹೊಸ ಮುಖ. ಮೂರು ಹಳೇ ಕೇರಿಯದ್ದು, ತಲೆಮಾರಿನ ಗಿರಾಕಿ. ಎರಡು ಗುಂಪಲ್ಲಿ ಉದ್ರಿ ಬೇರೆ ಥರ ಬದಲಾಗಿರಬೇಕು ಅಂತ ಮೊದಲೇ ಬರೆದಿಡಿ, ಆಮೇಲೆ ಹೋಗಿ ನೋಡಿ. ನಿಮ್ಮ 112 ಫಾರ್ಮ್ ವ್ಯರ್ಥ ಆಗಲ್ಲ. ಆರು ಅಂಗಡಿ ಆರಿಸಿದ್ದು ಅದರಿಂದ ಅಂತ ಬರೆಯಿರಿ. ಮುಂದೆ ಯಾರಾದರೂ ಕೇಳಿದರೆ ಹೆಸರು: ಮಲ್ಟಿಪಲ್ ಕೇಸ್ ಡಿಸೈನ್. ಗೈಡ್ ಹತ್ತಿರ ಒಂದು ಪುಟ ಬರೆದುಕೊಂಡು ಹೋಗಿ, ಬಾಯಲ್ಲಿ ಹೇಳಬೇಡಿ.

ಬೆಣ್ಣೆದೋಸೆ (ಮೂರು ವಾರದ ನಂತರ):
ಸರ್, ಗೈಡ್ ಒಪ್ಪಿದರು. ಐದು ಅಂಗಡಿ ಮುಗಿಯಿತು. ಹಾಸ್ಟೆಲ್ ಕಡೆ ನಾನು ಬರೆದಿಟ್ಟ ಹಾಗೇ, ಉದ್ರಿ ಹೆಚ್ಚುಕಡಿಮೆ ನಿಂತೇ ಹೋಗಿದೆ. ಹತ್ತು ರೂಪಾಯಿ ಬಿಸ್ಕತ್ತಿಗೂ ಸ್ಕ್ಯಾನ್. ಹಳೇ ಕೇರಿಯಲ್ಲಿ ನಾನು ಬರೆದಿಟ್ಟಿದ್ದು ತಪ್ಪಾಯ್ತು. ಉದ್ರಿ ಕಡಿಮೆ ಆಗಿರುತ್ತದೆ ಅಂದುಕೊಂಡಿದ್ದೆ, ಆಗಿಲ್ಲ. ಒಂದು ಪುಸ್ತಕದಲ್ಲಿ ಒಬ್ಬ ಅಜ್ಜಿಯ ಪುಟ ತುಂಬ ಅಕ್ಕಿ, ಬೆಲ್ಲ, ಸೋಪು. ತಿಂಗಳ ಕೊನೆಗೆ ಕೆಂಪು ಇಂಕಿನಲ್ಲಿ ‘ಫೋನ್ ಪೇ, ಮಗ, ಬೆಂಗಳೂರು’ ಅಂತ ಬರೆದು ಅಡ್ಡಗೆರೆ ಹಾಕಿದ್ದಾರೆ. ಸಾಮಾನು ಇಲ್ಲಿ, ದುಡ್ಡು ಅಲ್ಲಿಂದ. ಇಂಥದ್ದೇ ಇನ್ನೂ ನಾಲ್ಕು ಪುಟ ಸಿಕ್ಕವು. ಇದರ ಫೋಟೊ ರಿಪೋರ್ಟ್‌ನಲ್ಲಿ ಹಾಕಬಹುದಾ?

ಹಳೇಲೆಕ್ಕ:
ತಪ್ಪಾಗಿದ್ದೇ ನಿಮ್ಮ ಒಳ್ಳೆಯ ಅಧ್ಯಾಯ, ಅದನ್ನು ಮುಚ್ಚಿಡಬೇಡಿ. ಫೋಟೊಗೆ ಅಂಗಡಿಯವರ ಒಪ್ಪಿಗೆ ಬರಹದಲ್ಲಿ ತಗೊಳ್ಳಿ. ಗಿರಾಕಿ ಹೆಸರು, ಫೋನ್ ನಂಬರ್ ಮೇಲೆ ಕಾಗದ ಅಂಟಿಸಿ, ಆಮೇಲೆ ಫೋಟೊ ತೆಗೆಯಿರಿ. ಆಮೇಲೆ ಫೋನಲ್ಲಿ ಅಳಿಸೋಣ ಅಂತ ಬಿಟ್ಟರೆ ಮರೆತುಹೋಗುತ್ತದೆ. ಆರನೇ ಅಂಗಡಿ ಯಾವ ಕಡೆಯದು?

ಬೆಣ್ಣೆದೋಸೆ:
ಹಳೇ ಕೇರಿಯದ್ದೇ ಸರ್. ನಾಳೆ ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿಗೆ ಬಾ ಅಂದಿದ್ದಾರೆ.